30 ನಾಟ್‌ನ ಬೋಟು, 5 ನಾಟ್‌ನ ಬದುಕು: ಡೀಸೆಲ್-ಎಲೆಕ್ಟ್ರಿಕ್ ಹೈಬ್ರಿಡ್ ಯಾರಿಗೆ ಬೇಕು?

ಗಸ್ತು ಬೋಟಿನ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಸ್ಪೀಡು. 30 ನಾಟ್ ಹೋಗುತ್ತದಾ, 35 ಹೋಗುತ್ತದಾ? ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ಹಾಗಾಗಿ 30 ನಾಟ್ ಎಂದರೆ ಗಂಟೆಗೆ 55 ಕಿಲೋಮೀಟರ್. ನೀರಿನ ಮೇಲೆ ಅದು ಭಾರಿ ವೇಗ. ಆದರೆ ಅಂಥ ಬೋಟು ದಿನವಿಡೀ ಏನು ಮಾಡುತ್ತದೆ ಎಂದು ಸ್ವಲ್ಪ ಯೋಚಿಸಿ ನೋಡಿ. ಕಾರವಾರದ ಬೈತಖೋಲ ಬಂದರಿನಿಂದ ಮೆಲ್ಲಗೆ ಹೊರಡುತ್ತದೆ. ಕೂರ್ಮಗಡ ದ್ವೀಪದ ಸುತ್ತ ಒಂದು ರೌಂಡ್. ಯಾವುದೋ ಮೀನುಗಾರಿಕೆ ಬೋಟಿನ ಪಕ್ಕ ನಿಂತು ಕಾಗದಪತ್ರ ನೋಡುವುದು, ತಾಂಡೇಲನ, ಅಂದರೆ ಆ ಬೋಟಿನ ಮುಖ್ಯಸ್ಥನ, ಹತ್ತಿರ ನಾಲ್ಕು ಮಾತು. ಆಮೇಲೆ ಒಂದು ಕಡೆ ನಿಂತು ರಾಡಾರ್ ನೋಡುತ್ತ ಕಾಯುವುದು. ಬೆನ್ನಟ್ಟುವ ಸಂದರ್ಭ ಬಂದರೂ ಅದು ಕೆಲವು ನಿಮಿಷದ ಕೆಲಸ. ಉಳಿದ ಹೊತ್ತೆಲ್ಲ 5-6 ನಾಟ್, ಇಲ್ಲವೇ ಸುಮ್ನೆ ತೇಲುವುದು. ಇಂಜಿನ್ ಮಾತ್ರ ಆನ್.

2008ರ ಮುಂಬೈ ದಾಳಿಯ ನಂತರ ದೇಶದ ಕರಾವಳಿಯಲ್ಲಿ ಇಂಥ ಬೋಟುಗಳ ಕೆಲಸ ಜಾಸ್ತಿಯಾಯಿತು. ಕರಾವಳಿ ಕಾವಲು ಪೊಲೀಸರಿಗೆ ಕೇಂದ್ರದಿಂದ 5 ಟನ್ ಮತ್ತು 12 ಟನ್ ತೂಕದ ವೇಗದ ಬೋಟುಗಳು ಬಂದವು. ದಡದಿಂದ 12 ನಾಟಿಕಲ್ ಮೈಲಿನವರೆಗೆ (ಸುಮಾರು 22 ಕಿಲೋಮೀಟರ್) ಅವರ ಗಸ್ತು. ಅದರಾಚೆ ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ. ಬೋಟು ಯಾರದೇ ಆಗಿರಲಿ, ತೊಂದರೆ ಒಂದೇ. ಇಂಜಿನ್ನಿನ ಗಾತ್ರ ಠರಾವಾಗುವುದು ಅತಿ ಹೆಚ್ಚು ಸ್ಪೀಡಿನ ಲೆಕ್ಕದಲ್ಲಿ. ಅದು ದುಡಿಯುವುದು ಅತಿ ಕಡಿಮೆ ಸ್ಪೀಡಿನಲ್ಲಿ.

ಅದರಿಂದ ಏನು ತೊಂದರೆ? ಡೀಸೆಲ್ ಇಂಜಿನ್ನಿಗೆ ತನ್ನದೇ ಆದ ಒಂದು ಹದ ಇದೆ. ಪೂರ್ತಿ ಶಕ್ತಿಯ ಮುಕ್ಕಾಲು ಭಾಗದ ಆಸುಪಾಸು ಲೋಡ್ ಇದ್ದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆಗ ಡೀಸೆಲ್‌ನಲ್ಲಿರುವ ಶಕ್ತಿಯಲ್ಲಿ ಹೆಚ್ಚುಕಡಿಮೆ 40 ಶೇಕಡಾ ಶಾಫ್ಟಿಗೆ, ಅಂದರೆ ಇಂಜಿನ್ ತಿರುಗಿಸುವ ದಂಡಕ್ಕೆ, ಸಿಗುತ್ತದೆ. ಒಂದು ಯೂನಿಟ್ ಶಕ್ತಿಗೆ ಸುಮಾರು 210 ಗ್ರಾಂ ಡೀಸೆಲ್ ಸಾಕು. ಯೂನಿಟ್ ಎಂದರೆ ನಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್ಟು. ಲೋಡ್ ಇಳಿದ ಹಾಗೆ ಈ ಲೆಕ್ಕ ಕೆಡುತ್ತದೆ. ಇಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳುವುದಕ್ಕೆ, ಪಂಪು ಓಡಿಸುವುದಕ್ಕೆ ಬೇಕಾಗುವ ಶಕ್ತಿಯೇನೂ ಕಡಿಮೆಯಾಗುವುದಿಲ್ಲವಲ್ಲ. ನೂರು ಜನರ ಊಟ ಬೇಯಿಸುವ ಒಲೆ ಹಚ್ಚಿ ಒಂದು ಲೋಟ ಚಹಾ ಮಾಡಿದ ಹಾಗೆ. ಶೇಕಡಾ ನಾಲ್ಕೈದರ ಲೋಡಿನಲ್ಲಿ ಅದೇ ಒಂದು ಯೂನಿಟ್ಟಿಗೆ ಹತ್ತಿರ ಹತ್ತಿರ ಎರಡು ಪಟ್ಟು ಡೀಸೆಲ್ ಹೋಗುತ್ತದೆ.

ಡೀಸೆಲ್ ಖರ್ಚು ಒಂದು ಭಾಗ ಅಷ್ಟೇ. ಲೋಡ್ ಇಲ್ಲದೆ ತಾಸುಗಟ್ಟಲೆ ಓಡುವ ಇಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಇಂಜೆಕ್ಟರ್, ವಾಲ್ವ್, ಎಕ್ಸಾಸ್ಟ್‌ನಲ್ಲಿ ಮಸಿ ಕಟ್ಟುತ್ತದೆ. ಸಿಲಿಂಡರ್ ಗೋಡೆ ನುಣ್ಣಗಾಗಿ ಆಯಿಲ್ ಕುಡಿಯಲು ಶುರು ಮಾಡುತ್ತದೆ. ಇಂಜಿನ್ ಹಾಳಾಗುವುದು ಜೋರಾಗಿ ಓಡಿಸಿದ್ದರಿಂದ ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಸುಮ್ನೆ ಓಡಿಸಿಟ್ಟರೂ ಹಾಳಾಗುತ್ತದೆ.

ಇನ್ನೊಂದು ವಿಷಯ ನೀರಿನದ್ದು. ನೀರನ್ನು ಸೀಳಿಕೊಂಡು ಹೋಗುವ ಬೋಟಿಗೆ ಸ್ಪೀಡ್ ಎರಡು ಪಟ್ಟು ಬೇಕೆಂದರೆ ಶಕ್ತಿ ಸುಮಾರು ಎಂಟು ಪಟ್ಟು ಬೇಕು. ತಿರುಗಿಸಿ ಹೇಳಿದರೆ, 10 ನಾಟ್ ಹೋಗುವ ಬೋಟು 5 ನಾಟ್‌ಗೆ ಇಳಿದರೆ ಎಂಟನೇ ಒಂದು ಭಾಗ ಶಕ್ತಿ ಸಾಕು. ಮೂತಿ ಎತ್ತಿಕೊಂಡು ನೀರಿನ ಮೇಲೆ ಜಾರುವ ವೇಗದ ಬೋಟಿಗೆ ಈ ಲೆಕ್ಕ ಹೀಗೇ ಹೊಂದುವುದಿಲ್ಲ. ಆದರೆ ನಿಧಾನಕ್ಕೆ ಹೋಗುವಾಗ ಅದಕ್ಕೂ ಬೇಕಾಗುವ ಶಕ್ತಿ ಅತಿ ಕಡಿಮೆ. ಇಷ್ಟು ಸಣ್ಣ ಕೆಲಸಕ್ಕೆ ಸಣ್ಣ ಮೋಟಾರೇ ಸಾಕಲ್ಲ ಎಂಬ ಯೋಚನೆಯಿಂದ ಹೈಬ್ರಿಡ್, ಅಂದರೆ ಡೀಸೆಲ್ ಇಂಜಿನ್ನಿನ ಜೊತೆಗೆ ಬ್ಯಾಟರಿ ಮತ್ತು ಕರೆಂಟ್ ಮೋಟಾರ್, ಶುರುವಾಗುತ್ತದೆ.

ಡೀಸೆಲ್ಲನ್ನೂ ಕರೆಂಟನ್ನೂ ಜೋಡಿಸುವುದು ಹೊಸದೇನಲ್ಲ. 2022ರಲ್ಲಿ ಕೊಂಕಣ ರೈಲ್ವೆ ಪೂರ್ತಿ ವಿದ್ಯುದೀಕರಣ ಆಗುವವರೆಗೆ ಕಾರವಾರ, ಅಂಕೋಲಾ, ಕುಮಟಾದ ಮೇಲೆ ರೈಲು ಎಳೆಯುತ್ತಿದ್ದುದು ಡೀಸೆಲ್-ಎಲೆಕ್ಟ್ರಿಕ್ ಇಂಜಿನ್ನುಗಳೇ. ಅವುಗಳಲ್ಲಿ ಡೀಸೆಲ್ ಇಂಜಿನ್ ಚಕ್ರವನ್ನು ಮುಟ್ಟುವುದೇ ಇಲ್ಲ. ಅದು ಕರೆಂಟ್ ಮಾಡುತ್ತದೆ, ಚಕ್ರ ತಿರುಗಿಸುವುದು ಮೋಟಾರು. ನೀರಿನ ಮೇಲಂತೂ ಇದು ಇನ್ನೂ ಹಳೆಯದು. 1903ರಲ್ಲಿ ರಷ್ಯಾದಲ್ಲಿ ‘ವಂದಾಲ್’ ಎಂಬ ನದಿ ಟ್ಯಾಂಕರ್ ಬಂತು. ಆ ಕಾಲದ ಡೀಸೆಲ್ ಇಂಜಿನ್ನಿಗೆ ಹಿಂದಕ್ಕೆ ತಿರುಗಲು ಬರುತ್ತಿರಲಿಲ್ಲ. ರಿವರ್ಸ್ ಹೋಗಬೇಕಲ್ಲ ಎಂದು ಮಧ್ಯದಲ್ಲಿ ಜನರೇಟರ್ ಮತ್ತು ಮೋಟಾರ್ ಹಾಕಿದರು. ಈಗ ಹೊಸದಾಗಿ ಸೇರಿದ್ದು ಲಿಥಿಯಂ ಬ್ಯಾಟರಿ, ಮತ್ತು ಕರೆಂಟನ್ನು ಬೇಕಾದ ಹಾಗೆ ಬಗ್ಗಿಸುವ ಎಲೆಕ್ಟ್ರಾನಿಕ್ಸ್.

ಜೋಡಿಸುವ ರೀತಿ ಮುಖ್ಯವಾಗಿ ಎರಡು. ಮೊದಲನೆಯದು ಸೀರೀಸ್. ರೈಲಿನ ಹಾಗೆಯೇ, ಡೀಸೆಲ್ ಇಂಜಿನ್ ಬರೀ ಕರೆಂಟ್ ಮಾಡುತ್ತದೆ. ಕರೆಂಟ್ ಬ್ಯಾಟರಿಗೂ ಹೋಗುತ್ತದೆ, ಮೋಟಾರಿಗೂ ಹೋಗುತ್ತದೆ. ಫ್ಯಾನು, ಅಂದರೆ ಪ್ರೊಪೆಲ್ಲರ್, ತಿರುಗಿಸುವುದು ಮೋಟಾರ್ ಮಾತ್ರ. ಜನರೇಟರನ್ನು ಬೋಟಿನಲ್ಲಿ ಎಲ್ಲಿ ಬೇಕಾದರೂ ಕೂರಿಸಬಹುದು. ಒಂದು ದೊಡ್ಡದರ ಬದಲು ಎರಡು ಸಣ್ಣದು ಇಟ್ಟು, ಬೇಕಾದಷ್ಟನ್ನೇ ಓಡಿಸಬಹುದು. ಆದರೆ ಶಕ್ತಿ ಶಾಫ್ಟಿನಿಂದ ಕರೆಂಟಾಗಿ, ಕರೆಂಟಿನಿಂದ ಮತ್ತೆ ಶಾಫ್ಟಿಗೆ ಬರುವ ದಾರಿಯಲ್ಲಿ ಶೇಕಡಾ 10ರಷ್ಟು ಸೋರಿ ಹೋಗುತ್ತದೆ. ಪೂರ್ತಿ ಸ್ಪೀಡಿನಲ್ಲಿ ಓಡುವ ಬೋಟಿಗೆ ಅದು ಬರೀ ನಷ್ಟ.

ಎರಡನೆಯದು ಪ್ಯಾರಲಲ್. ಇಲ್ಲಿ ಡೀಸೆಲ್ ಇಂಜಿನ್, ಗೇರ್‌ಬಾಕ್ಸ್, ಶಾಫ್ಟ್, ಫ್ಯಾನು ಎಲ್ಲ ಮೊದಲಿನ ಹಾಗೆಯೇ ಇರುತ್ತವೆ. ಗೇರ್‌ಬಾಕ್ಸಿಗೆ ಪಕ್ಕದಿಂದ ಒಂದು ಮೋಟಾರ್ ಜೋಡಿಸುತ್ತಾರೆ. ಮಧ್ಯೆ ಕ್ಲಚ್. ನಿಧಾನಕ್ಕೆ ಹೋಗುವಾಗ ಕ್ಲಚ್ ಬಿಡಿಸಿ ಇಂಜಿನ್ ಆಫ್, ಮೋಟಾರ್ ಒಂದೇ ಫ್ಯಾನು ತಿರುಗಿಸುತ್ತದೆ. ಜೋರಾಗಿ ಹೋಗಬೇಕಾದಾಗ ಇಂಜಿನ್ ನೇರವಾಗಿ ಶಾಫ್ಟಿಗೆ. ಸಾಧಾರಣ ಸ್ಪೀಡಿನಲ್ಲಿ ಇಂಜಿನ್ ಓಡುವಾಗ ಅದೇ ಮೋಟಾರ್ ಉಲ್ಟಾ ಕೆಲಸ ಮಾಡಿ ಜನರೇಟರ್ ಆಗುತ್ತದೆ, ಬ್ಯಾಟರಿ ತುಂಬುತ್ತದೆ. ವೇಗದ ಗಸ್ತು ಬೋಟಿಗೆ ಹೊಂದುವುದು ಇದೇ. ಓಡುವಾಗ ನಷ್ಟ ಇಲ್ಲ. ಕರೆಂಟಿನ ಭಾಗ ಕೈಕೊಟ್ಟರೂ ಬೋಟು ಹಳೆಯ ಬೋಟಾಗಿ ಮನೆಗೆ ಬರುತ್ತದೆ.

ಹಾಗೆಂದು ಎರಡು ಇಂಜಿನ್ ಇದ್ದ ಹಾಗಾಯಿತು, ಧೈರ್ಯ ಎಂದುಕೊಳ್ಳಬೇಡಿ. ನಮ್ಮ ಕಡೆ ಬೋಟು ನಿಲ್ಲುವುದಕ್ಕೆ ಒಂದು ದೊಡ್ಡ ಕಾರಣ ಫ್ಯಾನಿಗೆ ಬಲೆ ಸುತ್ತಿಕೊಳ್ಳುವುದು. ಆ ಶಾಫ್ಟಿನಲ್ಲಿ ಇಂಜಿನ್ ಇದ್ದರೂ ಅಷ್ಟೇ, ಮೋಟಾರ್ ಇದ್ದರೂ ಅಷ್ಟೇ.

ಹೈಬ್ರಿಡ್ ಎಂದ ಕೂಡಲೇ ಜನ ಕಾರಿನ ಲೆಕ್ಕ ಹಾಕುತ್ತಾರೆ. ಅಲ್ಲೇ ದಾರಿ ತಪ್ಪುವುದು. ಶಿರಸಿಯಿಂದ ಕುಮಟಾಕ್ಕೆ ಹೈಬ್ರಿಡ್ ಕಾರಿನಲ್ಲಿ ದೇವಿಮನೆ ಘಟ್ಟ ಇಳಿದರೆ ಬ್ಯಾಟರಿ ತಾನಾಗಿ ತುಂಬುತ್ತ ಬರುತ್ತದೆ. ಬ್ರೇಕ್ ಒತ್ತಿದಾಗ ಬಿಸಿಯಾಗಿ ಹಾಳಾಗುವ ಶಕ್ತಿಯನ್ನು ಮೋಟಾರ್ ಹಿಡಿದಿಡುತ್ತದೆ. ಪೇಟೆಯ ಟ್ರಾಫಿಕ್ಕಿನಲ್ಲಿ ಹೈಬ್ರಿಡ್ ಕಾರಿನ ಲಾಭದ ದೊಡ್ಡ ಪಾಲು ಇದೇ. ಸಮುದ್ರದಲ್ಲಿ ಘಟ್ಟ ಇಲ್ಲ, ಬ್ರೇಕೂ ಇಲ್ಲ. ಥ್ರಾಟಲ್ ಇಳಿಸಿದರೆ ನೀರೇ ಬೋಟನ್ನು ನಿಲ್ಲಿಸುತ್ತದೆ, ಆ ಶಕ್ತಿ ಅಲೆಯಲ್ಲಿ ಕರಗಿ ಹೋಯಿತು. ಬೋಟಿನ ಹೈಬ್ರಿಡ್ಡಿಗೆ ಪುಕ್ಕಟೆ ಬರುವ ಕರೆಂಟ್ ಎಂಬುದಿಲ್ಲ. ಬ್ಯಾಟರಿಗೆ ಬಿದ್ದ ಪ್ರತಿ ಯೂನಿಟ್ಟೂ ಡೀಸೆಲ್‌ನಿಂದ ಬಂದಿರಬೇಕು, ಇಲ್ಲ ದಡದ ಪ್ಲಗ್ಗಿನಿಂದ ಬಂದಿರಬೇಕು. ಇಂಜಿನ್ ಹದದಲ್ಲಿ ಓಡುವಾಗ ಅಗ್ಗಕ್ಕೆ ಮಾಡಿದ ಶಕ್ತಿಯನ್ನು, ಅದು ಹದ ತಪ್ಪುವ ಹೊತ್ತಿಗೆ ಬಳಸುವುದು. ಇಡೀ ಆಟ ಇಷ್ಟೇ.

ಒಂದು ಲೆಕ್ಕ ಮಾಡೋಣ. ಇದು ಕಲ್ಪನೆಯ ಬೋಟು, ಆದರೆ ಅಂಕಿಗಳು ವಾಸ್ತವಕ್ಕೆ ಹತ್ತಿರ. ಸುಮಾರು 20 ಟನ್ ತೂಕ, ತಲಾ 500 ಕಿಲೋವ್ಯಾಟ್‌ನ ಎರಡು ಇಂಜಿನ್, ಟಾಪ್ ಸ್ಪೀಡ್ 30 ನಾಟ್. 6 ನಾಟ್‌ನಲ್ಲಿ ಹೋಗಲು ಒಟ್ಟು 40 ಕಿಲೋವ್ಯಾಟ್ ಸಾಕೆಂದು ಹಿಡಿಯೋಣ. ಅಂದರೆ ಒಂದೊಂದು ಇಂಜಿನ್ ಮೇಲೆ ಬರೀ ಶೇಕಡಾ 4 ಲೋಡ್. 40 ಕಿಲೋವ್ಯಾಟ್ ಎಂದರೆ ಗಂಟೆಗೆ 40 ಯೂನಿಟ್. ಯೂನಿಟ್ಟಿಗೆ 400 ಗ್ರಾಂ ಎಂದರೆ ಗಂಟೆಗೆ 16 ಕೆಜಿ, ಸುಮಾರು 19 ಲೀಟರ್ ಡೀಸೆಲ್. ಅದೇ 40 ಕಿಲೋವ್ಯಾಟ್ ಬ್ಯಾಟರಿಯಿಂದ ಬಂದರೆ? ಚಾರ್ಜ್ ಮಾಡುವಾಗ, ಖಾಲಿ ಮಾಡುವಾಗ ಆಗುವ ನಷ್ಟ ಸೇರಿಸಿ 47 ಯೂನಿಟ್ ಮಾಡಬೇಕು. ಇಂಜಿನ್ ಹದದಲ್ಲಿರುವಾಗ ಅದನ್ನು ಮಾಡಿದ್ದರೆ ಯೂನಿಟ್ಟಿಗೆ 210 ಗ್ರಾಂ. ಒಟ್ಟು 12 ಲೀಟರ್. ಗಂಟೆಗೆ 7 ಲೀಟರ್ ಉಳಿತಾಯ. ದಿನಕ್ಕೆ ಬಿಡಿಬಿಡಿಯಾಗಿ ಆರು ಗಂಟೆ ಹೀಗೆ ನಿಧಾನಕ್ಕೆ ತಿರುಗಿದರೆ 42 ಲೀಟರ್.

ಚೆನ್ನಾಗಿದೆ ಅಲ್ವಾ? ಈಗ ಅದೇ ಬೋಟು ಪೂರ್ತಿ ಥ್ರಾಟಲ್‌ನಲ್ಲಿ ಓಡಿದರೆ ಗಂಟೆಗೆ ಎಷ್ಟು ಕುಡಿಯುತ್ತದೆ ನೋಡಿ. 1,000 ಕಿಲೋವ್ಯಾಟ್, ಯೂನಿಟ್ಟಿಗೆ 210 ಗ್ರಾಂ: ಗಂಟೆಗೆ ಸುಮಾರು 250 ಲೀಟರ್. ಇಡೀ ದಿನ ಹೈಬ್ರಿಡ್ ಉಳಿಸಿದ 42 ಲೀಟರ್, ಬರೀ ಹತ್ತು ನಿಮಿಷದ ಓಟಕ್ಕೆ ಖಾಲಿ. ಡ್ಯೂಟಿ ಮುಗಿಯಿತು, ಬೇಗ ದಡ ಸೇರೋಣ ಎಂದು ಚಾಲಕ ಥ್ರಾಟಲ್ ಒತ್ತಿದರೆ ಬ್ಯಾಟರಿಯ ಪುಣ್ಯವೆಲ್ಲ ಹೋಯಿತು. ಬ್ರೋಷರ್‌ಗಳು ಈ ಹತ್ತು ನಿಮಿಷದ ಸುದ್ದಿ ಎತ್ತುವುದಿಲ್ಲ. ನನ್ನನ್ನು ಕೇಳಿದರೆ, ಹೈಬ್ರಿಡ್ಡಿಗೆ ದುಡ್ಡು ಹಾಕುವ ಮೊದಲು 25 ನಾಟ್‌ನ ಬದಲು 18 ನಾಟ್‌ನಲ್ಲಿ ವಾಪಸ್ ಬರುವ ಅಭ್ಯಾಸ ಮಾಡಿಸಬೇಕು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಹಾಗಾದರೆ ಗಸ್ತು ಬೋಟಿಗೆ ಹೈಬ್ರಿಡ್ ದಂಡವೇ? ಅಲ್ಲ. ಲಾಭ ಬೇರೆ ಕಡೆ ಇದೆ. ದಿನಕ್ಕೆ ಆರು ಗಂಟೆ ಎರಡೂ ಇಂಜಿನ್ ಆಫ್ ಆದರೆ, ತಿಂಗಳಿಗೆ 25 ದಿನದ ಲೆಕ್ಕದಲ್ಲಿ ಒಂದೊಂದು ಇಂಜಿನ್ನಿಗೂ 150 ಗಂಟೆ ಉಳಿಯಿತು. ಆಯಿಲ್ ಬದಲಿಸುವುದು, ಇಂಜೆಕ್ಟರ್ ಸರ್ವಿಸ್, ಓವರ್‌ಹಾಲ್ ಎಲ್ಲವೂ ಗಂಟೆ ಲೆಕ್ಕದಲ್ಲೇ ಬರುತ್ತವೆ. ಅದೂ ಉಳಿದದ್ದು ಇಂಜಿನ್ನಿಗೆ ಅತಿ ಕೆಟ್ಟ ಗಂಟೆಗಳು, ಮಸಿ ಕಟ್ಟುವ ಗಂಟೆಗಳು. ಓವರ್‌ಹಾಲ್‌ಗೆಂದು ಬೋಟು ದಡದಲ್ಲಿ ಬಿದ್ದಿರುವ ದಿನಗಳೂ ಕಡಿಮೆ. ಡೀಸೆಲ್ ಬಿಲ್ಲಿಗಿಂತ ಇದು ದೊಡ್ಡ ಮೊತ್ತ ಆಗಬಹುದು.

ಇನ್ನೊಂದು ಲಾಭ ಸದ್ದಿನದ್ದು. ರಾತ್ರಿ ಹೊತ್ತು ಶಾಂತ ಸಮುದ್ರದಲ್ಲಿ ದೊಡ್ಡ ಡೀಸೆಲ್ ಇಂಜಿನ್ನಿನ ಸದ್ದು ಬಹಳ ದೂರ ಕೇಳುತ್ತದೆ. ಮುರುಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲು ದೂರದ ನೇತ್ರಾಣಿಯ ಹತ್ತಿರ ಯಾರೋ ಕಳ್ಳತನದಲ್ಲಿ ಎಲ್‌ಇಡಿ ಬೆಳಕು ಬಿಟ್ಟು ಮೀನು ಹಿಡಿಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. 2017ರಿಂದ ಅದಕ್ಕೆ ನಿಷೇಧ ಇದೆ. ಗಸ್ತು ಬೋಟಿನ ಸದ್ದು ಕಿವಿಗೆ ಬಿದ್ದ ತಕ್ಷಣ ದೀಪ ಆರಿಸಿದರೆ ಮುಗಿಯಿತು. ಮೋಟಾರಿನ ಮೇಲೆ ಬಂದರೆ ಹೊಗೆ ಇಲ್ಲ, ವಾಸನೆ ಇಲ್ಲ, ಇಂಜಿನ್ ಗುಡುಗೂ ಇಲ್ಲ. ಒಳಗೆ ಕುಳಿತ ಸಿಬ್ಬಂದಿಗೂ ರೇಡಿಯೋ ಸರಿಯಾಗಿ ಕೇಳುತ್ತದೆ. ಧಕ್ಕೆಗೆ (ಜೆಟ್ಟಿಗೆ) ತಾಗಿಸುವಾಗ, ಇನ್ನೊಂದು ಬೋಟಿನ ಪಕ್ಕ ನಿಲ್ಲುವಾಗಲೂ ಮೋಟಾರ್ ಒಳ್ಳೆಯದು. ದೊಡ್ಡ ಇಂಜಿನ್ ಗೇರಿಗೆ ಬಿದ್ದ ಕೂಡಲೇ ಬೋಟು ನಾಲ್ಕೈದು ನಾಟ್‌ಗೆ ಎಗರುತ್ತದೆ. ಮೋಟಾರಿನಲ್ಲಿ ಅರ್ಧ ನಾಟ್ ಬೇಕೆಂದರೆ ಅರ್ಧ ನಾಟೇ ಸಿಗುತ್ತದೆ.

ಇನ್ನು ಬ್ಯಾಟರಿಯ ಭಾರ. ನಮ್ಮ ಕಲ್ಪನೆಯ ಬೋಟು ಎರಡು ಗಂಟೆ ಮೋಟಾರಿನಲ್ಲಿ ಹೋಗಬೇಕೆಂದರೆ 80 ಯೂನಿಟ್ ಬೇಕು. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಹಾಗಾಗಿ 100 ಯೂನಿಟ್ಟಿನದು ಹಾಕಬೇಕು. ಪೆಟ್ಟಿಗೆ, ಕೂಲಿಂಗ್, ಕೇಬಲ್ ಎಲ್ಲ ಸೇರಿ ಒಂದು ಟನ್ ಆಗುತ್ತದೆ. ಅದೇ ಒಂದು ಟನ್ ಡೀಸೆಲ್ ಇದ್ದರೆ ಶಾಫ್ಟಿಗೆ 4,700 ಯೂನಿಟ್ ಸಿಗುತ್ತಿತ್ತು. ಸುಮಾರು 60 ಪಟ್ಟು! ಬರೀ ಬ್ಯಾಟರಿಯ ಮೇಲೆ ವೇಗದ ಗಸ್ತು ಬೋಟು ಯಾಕೆ ಓಡುವುದಿಲ್ಲ ಎಂಬುದಕ್ಕೆ ಈ ಒಂದು ಅಂಕಿ ಸಾಕು. ನೀರಿನ ಮೇಲೆ ಜಾರುವ ಬೋಟಿಗೆ ತೂಕ ಎಂದರೆ ಆಗುವುದೇ ಇಲ್ಲ. 20 ಟನ್ನಿನ ಬೋಟಿಗೆ ಒಂದು ಟನ್ ಸೇರಿದರೆ ಹೇಗೋ ತಡೆದುಕೊಳ್ಳಬಹುದು. 5 ಟನ್ನಿನ ಬೋಟಿಗೆ ಈ ಮಾತೇ ಬೇಡ.

ಯಾವ ಬ್ಯಾಟರಿ ಎಂಬುದೂ ಮುಖ್ಯ. ಲಿಥಿಯಂ ಎಂದರೆ ಒಂದೇ ಜಾತಿಯಲ್ಲ. ಎಲ್‌ಎಫ್‌ಪಿ ಎಂಬ ಬಗೆ ಸ್ವಲ್ಪ ಭಾರ, ಆದರೆ ಬೆಂಕಿಯ ವಿಷಯದಲ್ಲಿ ಸಮಾಧಾನದ ಸ್ವಭಾವ. ಎನ್‌ಎಂಸಿ ಹಗುರ, ಆದರೆ ಕೆಣಕಿದರೆ ಬೇಗ ಸಿಟ್ಟಾಗುತ್ತದೆ. ಯಾವುದೇ ಇರಲಿ, ಇಂಜಿನ್ ರೂಮಿನಲ್ಲಿ ಇಡುವಂತಿಲ್ಲ. ನಮ್ಮ ಏಪ್ರಿಲ್-ಮೇ ಸೆಕೆಯಲ್ಲಿ ಆ ಕೋಣೆ 50 ಡಿಗ್ರಿಯ ಹತ್ತಿರ ಹೋಗುತ್ತದೆ. ಬ್ಯಾಟರಿಗೆ ಬೇರೆಯೇ ಕೋಣೆ, ಬೇರೆಯೇ ಕೂಲಿಂಗ್, ಗ್ಯಾಸ್ ಹೊರಹೋಗಲು ಬೇರೆಯೇ ದಾರಿ ಬೇಕು. 2019ರ ಅಕ್ಟೋಬರ್‌ನಲ್ಲಿ ನಾರ್ವೆಯ ‘ಇಟ್ಟರೋಯ್‌ನಿಂಗನ್’ ಎಂಬ ಹೈಬ್ರಿಡ್ ಫೆರಿಯ ಬ್ಯಾಟರಿ ಕೋಣೆಗೆ ಬೆಂಕಿ ಬಿತ್ತು. ಬೆಂಕಿ ಆರಿತು ಎಂದುಕೊಂಡ ಮೇಲೆ, ಮರುದಿನ ಒಳಗೆ ಸ್ಫೋಟ ಆಯಿತು. ಬಿಸಿಯಾದ ಸೆಲ್‌ಗಳು ಉರಿಯುವ ಗ್ಯಾಸ್ ಬಿಡುತ್ತವೆ. ಜ್ವಾಲೆ ಕಾಣದಿದ್ದರೂ ಗ್ಯಾಸ್ ತುಂಬುತ್ತಲೇ ಇರಬಹುದು. ಡೀಸೆಲ್ ಬೆಂಕಿಯ ಅನುಭವ ಇರುವವರಿಗೂ ಇದು ಹೊಸ ಪಾಠ.

ಹೈ ವೋಲ್ಟೇಜ್ ಡಿಸಿ ಕರೆಂಟಿನ ಬಗ್ಗೆಯೂ ಒಂದು ಮಾತು. ಮನೆಯ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ, ಹಾಗಾಗಿ ಕಿಡಿ ಹಾರಿದರೂ ಬೇಗ ಕಡಿದುಕೊಳ್ಳುತ್ತದೆ. ಡಿಸಿ ಹಾಗಲ್ಲ. ಕಿಡಿ ಹಿಡಿಯಿತೆಂದರೆ ಬಿಡುವುದಿಲ್ಲ. ಇಂಥ ಬೋಟಿನಲ್ಲಿ 400ರಿಂದ 700 ವೋಲ್ಟ್ ಡಿಸಿ ಇರುತ್ತದೆ. ಉಪ್ಪು ಗಾಳಿ ಕನೆಕ್ಟರ್‌ಗಳನ್ನು ತಿನ್ನುತ್ತಲೇ ಇರುತ್ತದೆ. ಸ್ಪ್ಯಾನರ್ ಹಿಡಿದು ಡೀಸೆಲ್ ಇಂಜಿನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ನಮ್ಮ ಪ್ರತಿ ಬಂದರಿನಲ್ಲೂ ಸಿಗುತ್ತಾನೆ. ಇದನ್ನು ಮುಟ್ಟಲು ಬೇರೆ ತರಬೇತಿ, ಬೇರೆ ಗ್ಲೌಸು ಬೇಕು.

ದಡದಲ್ಲಿ ಚಾರ್ಜ್ ಮಾಡಿದರೆ ಖರ್ಚಿನ ಲೆಕ್ಕವೇ ಬೇರೆ. ಗಂಟೆಗೆ 19 ಲೀಟರ್ ಡೀಸೆಲ್ ಎಂದರೆ, ಲೀಟರಿಗೆ 90 ರೂಪಾಯಿ ಹಿಡಿದರೂ 1,700 ರೂಪಾಯಿ. ಅದೇ ಕೆಲಸಕ್ಕೆ ದಡದಿಂದ 50 ಯೂನಿಟ್, ಯೂನಿಟ್ಟಿಗೆ 10 ರೂಪಾಯಿ ಹಿಡಿದರೆ 500 ರೂಪಾಯಿ. ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಅಣು ವಿದ್ಯುತ್ ಘಟಕ, ಕಾಳಿ ನದಿಯ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು. ಕರೆಂಟ್ ಮಾಡುವ ಜಿಲ್ಲೆ ನಮ್ಮ ಉತ್ತರ ಕನ್ನಡ. ಆದರೆ ಧಕ್ಕೆಯ ತುದಿಯಲ್ಲಿ 22 ಕಿಲೋವ್ಯಾಟ್‌ನ ತ್ರೀ-ಫೇಸ್ ಪಾಯಿಂಟ್ ಬೇಕಲ್ಲ. ಅದಿದ್ದರೆ ನಮ್ಮ ಬ್ಯಾಟರಿ ಐದು ಗಂಟೆಯಲ್ಲಿ ತುಂಬುತ್ತದೆ. ಜುಲೈನಲ್ಲಿ ಮರ ಬಿದ್ದು ಲೈನ್ ಹರಿದರೆ ಮತ್ತೆ ಡೀಸೆಲ್ಲೇ ಗತಿ. ಅಂಥ ಹೊತ್ತಿಗೆ ಹೈಬ್ರಿಡ್ ಆಗಿರುವುದು ಅನುಕೂಲ.

ಈಗ ಬೇರೆ ಬೋಟುಗಳಿಗೆ ಬರೋಣ. ಟ್ರಾಲರ್ ಮಾಲೀಕರು ಇದನ್ನು ಓದುತ್ತಿದ್ದರೆ, ನಿಮಗೆ ಇದು ಬೇಡ. ಟ್ರಾಲರ್ ಮೂರು ನಾಟ್‌ನಲ್ಲೇ ಹೋಗುತ್ತದೆ, ನಿಜ. ಆದರೆ ಖಾಲಿ ಹೋಗುವುದಿಲ್ಲ, ತಾಸುಗಟ್ಟಲೆ ಬಲೆ ಎಳೆಯುತ್ತದೆ. ಇಂಜಿನ್ ಮೇಲೆ ಒಂದೇ ಸಮನೆ ದೊಡ್ಡ ಲೋಡ್. ಡೀಸೆಲ್ ಇಂಜಿನ್ನಿಗೆ ಅದೇ ಹದ. ಅಲ್ಲಿ ಬ್ಯಾಟರಿ ಸೇರಿಸಿದರೆ ಭಾರ ಜಾಸ್ತಿ, ಲಾಭ ಶೂನ್ಯ. ಆ ದುಡ್ಡಿನಲ್ಲಿ ಸರಿಯಾದ ಅಳತೆಯ ಫ್ಯಾನು ಹಾಕಿಸಿ, ಜೂನ್-ಜುಲೈನ 61 ದಿನದ ರಜೆಯಲ್ಲಿ ಬೋಟಿನ ಅಡಿ ಕೆರೆಸಿ ಬಣ್ಣ ಹೊಡೆಸಿದರೆ ಜಾಸ್ತಿ ಉಳಿಯುತ್ತದೆ. ಮೀನಿನ ಹಿಂಡಿನ ಸುತ್ತ ಬಲೆ ಹಾಕುವ ಪರ್ಸಿನ್ ಬೋಟಿನ ಕಥೆ ಸ್ವಲ್ಪ ಬೇರೆ. ಮೀನಿನ ಹಿಂಡು ಹುಡುಕುತ್ತ ತೇಲುವ ಹೊತ್ತು ಅದಕ್ಕೆ ಇದೆ. ಆದರೂ ಮಾಲೀಕ ಸಾಲ ಮಾಡಿ ಹಾಕುವಷ್ಟು ಲಾಭ ಈಗಿನ ಬ್ಯಾಟರಿ ದರದಲ್ಲಿ ನನಗೆ ಕಾಣುವುದಿಲ್ಲ.

ತದಡಿಯಿಂದ ಅಘನಾಶಿನಿಗೆ ದಾಟಿಸುವ ಬೋಟು, ಹೊನ್ನಾವರದ ಶರಾವತಿಯಲ್ಲಿ ಪ್ರವಾಸಿಗರನ್ನು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಸುತ್ತಿಸುವ ಬೋಟು, ಇವಕ್ಕೆ ಹೈಬ್ರಿಡ್ಡಿನ ಗೋಜೇ ಬೇಡ. ದೂರ ಕಡಿಮೆ, ಸ್ಪೀಡ್ ಕಡಿಮೆ, ಪ್ರತಿ ಸುತ್ತಿಗೂ ದಡಕ್ಕೆ ಬರುತ್ತವೆ. ನೇರವಾಗಿ ಬ್ಯಾಟರಿ ಬೋಟೇ ಮಾಡಬಹುದು. ಕೇರಳದಲ್ಲಿ 2017ರಿಂದ ವೈಕಂ ಮತ್ತು ತವಣಕ್ಕಡವಿನ ನಡುವೆ 75 ಜನರ ‘ಆದಿತ್ಯ’ ಎಂಬ ಸೌರ ಫೆರಿ ಓಡುತ್ತಿದೆ. 2023ರ ಏಪ್ರಿಲ್‌ನಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೋದ 100 ಜನರ ಬೋಟುಗಳು ಎಲ್‌ಟಿಒ ಎಂಬ ಬಗೆಯ ಬ್ಯಾಟರಿಯವು. ಭಾರ ಜಾಸ್ತಿ, ಆದರೆ 10-15 ನಿಮಿಷದಲ್ಲಿ ಚಾರ್ಜ್ ಆಗುತ್ತದೆ. ತುರ್ತಿಗೆ ಒಂದು ಡೀಸೆಲ್ ಜನರೇಟರ್ ಕೂಡ ಒಳಗಿದೆ.

ದೊಡ್ಡ ಹಡಗುಗಳನ್ನು ತಳ್ಳುವ, ಎಳೆಯುವ ಬಂದರಿನ ಟಗ್ಗುಗಳು ಇನ್ನೊಂದು ಒಳ್ಳೆಯ ಅಭ್ಯರ್ಥಿ. ಹಡಗು ಬರುವವರೆಗೆ ಕಾಯುವುದು, ಬಂದಾಗ ಅರ್ಧ ಗಂಟೆ ಜೀವ ಬಿಟ್ಟು ತಳ್ಳುವುದು. ಅಮೆರಿಕದ ಲಾಂಗ್ ಬೀಚ್‌ನಲ್ಲಿ ‘ಕ್ಯಾರೊಲಿನ್ ಡೊರೊತಿ’ ಎಂಬ ಹೈಬ್ರಿಡ್ ಟಗ್ 2009ರಲ್ಲೇ ಕೆಲಸ ಶುರು ಮಾಡಿತು. ನಮ್ಮ ಕೇಂದ್ರ ಬಂದರು ಸಚಿವಾಲಯವೂ 2024ರಲ್ಲಿ ಹಸಿರು ಟಗ್ ಯೋಜನೆ ಶುರು ಮಾಡಿದೆ.

ಗಸ್ತು ಬೋಟಿಗೆ ಒಮ್ಮೆಲೇ ಪೂರ್ತಿ ಹೈಬ್ರಿಡ್ ಮಾಡಲೇಬೇಕೆಂದಿಲ್ಲ. ಮೊದಲು ಲಂಗರು ಹಾಕಿ ನಿಂತಾಗಿನ ಕರೆಂಟ್ ನೋಡಿ. ರಾಡಾರ್, ರೇಡಿಯೋ, ಲೈಟು, ಒಂದು ಏಸಿ ಎಲ್ಲ ಸೇರಿ ಮೂರು ಕಿಲೋವ್ಯಾಟ್ ಆಗಬಹುದು. ಅಷ್ಟಕ್ಕೆ ರಾತ್ರಿಯಿಡೀ 20 ಕಿಲೋವ್ಯಾಟ್‌ನ ಜನರೇಟರ್ ಓಡುತ್ತದೆ. 48 ವೋಲ್ಟ್‌ನ ಒಂದು ಬ್ಯಾಟರಿ ಮತ್ತು ಇನ್ವರ್ಟರ್ ಹಾಕಿದರೆ ಆ ಜನರೇಟರ್ ರಾತ್ರಿಗೆ ಒಂದೆರಡು ತಾಸು ಹದದಲ್ಲಿ ಓಡಿ ನಿಲ್ಲುತ್ತದೆ. ಶಾಫ್ಟ್ ಮುಟ್ಟುವ ಕೆಲಸವೇ ಇಲ್ಲ, ಹೈ ವೋಲ್ಟೇಜಿನ ಭಯವೂ ಇಲ್ಲ.

ಶಾಫ್ಟಿಗೆ ಮೋಟಾರ್ ಬೇಕೋ ಬೇಡವೋ ಎಂಬುದಕ್ಕೆ ಉತ್ತರ ಬೋಟಿನಲ್ಲೇ ಇದೆ. ಈಗಿನ ಎಲೆಕ್ಟ್ರಾನಿಕ್ ಇಂಜಿನ್ನುಗಳ ಕಂಪ್ಯೂಟರ್, ಯಾವ ಲೋಡಿನಲ್ಲಿ ಎಷ್ಟು ಗಂಟೆ ಓಡಿದೆ ಎಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ಸರ್ವಿಸ್‌ಗೆ ಬರುವವನು ಲ್ಯಾಪ್‌ಟಾಪ್ ಚುಚ್ಚಿದರೆ ಅದು ಹೊರಗೆ ಬರುತ್ತದೆ. ಮುಂದಿನ ಸರ್ವಿಸ್‌ನಲ್ಲಿ ಆ ಒಂದು ಪುಟ ಪ್ರಿಂಟ್ ತೆಗೆಸಿಕೊಳ್ಳಿ. ಶೇಕಡಾ 20ಕ್ಕಿಂತ ಕಡಿಮೆ ಲೋಡಿನ ಗಂಟೆಗಳು ಒಟ್ಟು ಗಂಟೆಯ ಅರ್ಧಕ್ಕಿಂತ ಜಾಸ್ತಿ ಇದ್ದರೆ ಹೈಬ್ರಿಡ್ ಮಾಡುವವರಿಗೆ ಫೋನ್ ಮಾಡಿ. ಇಲ್ಲದಿದ್ದರೆ ಫ್ಯಾನು ಮಾಡುವವನಿಗೆ.